ಅಟ್ಟೆ, ಚೆಂಡು ಮತ್ತು ನಾನು ಹಾಕಿದ ಕೆಂಪು ಗೀಟು

ಉಡುಪಿಯ ಶಂಕರಪುರದ ಕಡೆ ಎಂಟನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಬೆಳಿಗ್ಗೆ ಮನೆಯ ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿಕೊಟ್ಟು ಶಾಲೆಗೆ ಬರುವ ಮಕ್ಕಳು ಇಲ್ಲಿದ್ದಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈ ಲೆಕ್ಕವನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಹಾಗಾಗಿ ಬೀಜಗಣಿತಕ್ಕೂ ಇದನ್ನೇ ತೆಗೆದುಕೊಂಡೆ. "ಅಟ್ಟೆಗೆ ಅ, ಚೆಂಡಿಗೆ ಚ. ಸಮೀಕರಣ ಬರೆಯಿರಿ" ಎಂದೆ. ಜಾಸ್ತಿ ಮಕ್ಕಳು ಬರೆದದ್ದು ಅ = 4ಚ. ಕೆಂಪು ಗೀಟು ಹಾಕಿ ಚ = 4ಅ ಎಂದು ತಿದ್ದಿದೆ.

ಒಬ್ಬಳು ಪುಸ್ತಕ ಹಿಡಿದು ಬಂದಳು. "ಟೀಚರ್, ಒಂದು ಅಟ್ಟೆ ಅಂದ್ರೆ ನಾಲ್ಕು ಚೆಂಡು ಅಲ್ವಾ? ನಾನು ಬರೆದದ್ದೂ ಅದೇ."

"ಎರಡು ಅಟ್ಟೆಯಲ್ಲಿ ಎಷ್ಟು ಚೆಂಡು?"

"ಎಂಟು."

"ಅದನ್ನೇ ನಿನ್ನ ಸಮೀಕರಣದಲ್ಲಿ ಹಾಕಿ ನೋಡು."

ಅ ಜಾಗದಲ್ಲಿ 2, ಚ ಜಾಗದಲ್ಲಿ 8 ಹಾಕಿದಳು. 2 = 32 ಎಂದು ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕೇಳಿದಳು: "ಆದ್ರೆ ರೇಟು ಹಾಕಿದ್ರೆ ಸರಿ ಬರ್ತದಲ್ಲ ಟೀಚರ್? ಅಟ್ಟೆಗೆ 1200 ಆದ್ರೆ ಚೆಂಡಿಗೆ 300."

ಅವಳು ಹೇಳಿದ್ದು ನಿಜ. ಅ, ಚ ಎಂಬವು ಒಂದು ಅಟ್ಟೆಯ ರೇಟು, ಒಂದು ಚೆಂಡಿನ ರೇಟು ಆದರೆ ಅ = 4ಚ ಸರಿ. ಎಷ್ಟು ಅಟ್ಟೆ, ಎಷ್ಟು ಚೆಂಡು ಎಂಬ ಎಣಿಕೆಯಾದರೆ ಚ = 4ಅ ಸರಿ. ನಾನು ಅಕ್ಷರ ಕೊಟ್ಟಿದ್ದೆ, ಅದು ಯಾವ ಸಂಖ್ಯೆಗೆ ಎಂದು ಹೇಳಿರಲಿಲ್ಲ. "ಅಟ್ಟೆಗೆ ಅ" ಎಂದರೆ ಮಕ್ಕಳು ಅದನ್ನು ಹೂವೆಂದೇ ಓದುತ್ತಾರೆ, ಲೀಟರಿಗೆ ಲೀ ಬರೆದ ಹಾಗೆ. ಗೀಟಿನ ಪಕ್ಕ "ರೇಟಿಗೆ ಇದು ಸರಿ" ಎಂದು ಬರೆದು ಸಹಿ ಹಾಕಿದೆ. ಉಳಿದವರೂ ಪುಸ್ತಕ ತಂದರು.

ಈಗ ಸಮೀಕರಣಕ್ಕಿಂತ ಮೊದಲು ಒಂದು ಸಾಲು ಬರೆಸುತ್ತೇನೆ: ಅ = ಅಟ್ಟೆಗಳ ಸಂಖ್ಯೆ. ಅದರ ಕೆಳಗೆ ಪುಟ್ಟ ಕೋಷ್ಟಕ. ಅಟ್ಟೆ 1, 2, 3. ಚೆಂಡು 4, 8, 12. ಸಮೀಕರಣ ಬರೆದ ಮೇಲೆ ಕೋಷ್ಟಕದ ಒಂದು ಜೋಡಿಯನ್ನು ಹಾಕಿ ನೋಡಲೇಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಪಾಠ ಹಿಂದೆ ಬೀಳುತ್ತದೆ. ಆದರೂ ಬಿಡುವುದಿಲ್ಲ.

ವಸ್ತುವಿನ ಮೊದಲ ಅಕ್ಷರವನ್ನೇ ಚರಾಕ್ಷರ ಮಾಡುವುದನ್ನೂ ಶುರುವಿನಲ್ಲಿ ಕಡಿಮೆ ಮಾಡಿದ್ದೇನೆ. 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಯನ್ನು 'ಯಾವತ್ತಾವತ್' ಎಂದು ಕರೆದರು. ಎಷ್ಟೋ ಅಷ್ಟು ಎಂದು ಅರ್ಥ. ಒಂದಕ್ಕಿಂತ ಜಾಸ್ತಿ ಇದ್ದರೆ ಕಾಲಕ, ನೀಲಕ ಎಂದು ಬಣ್ಣಗಳ ಹೆಸರು. ನೀಲಿಯನ್ನು ಯಾರೂ ಚೆಂಡು ಎಂದು ತಿಳಿಯುವುದಿಲ್ಲ. ಮಕ್ಕಳಿಗೆ ಇದು ತುಂಬಾ ಹಿಡಿಸಿತು.

ಮೊನ್ನೆ ಬೇರೆ ಲೆಕ್ಕ ಕೊಟ್ಟೆ. ಒಂದು ಬಸ್ಸಿಗೆ 6 ಚಕ್ರ, ಬಸ್ಸಿಗೆ ಬ ಇರಲಿ ಎಂದು ಬೇಕೆಂದೇ ಅರ್ಧ ಹೇಳಿ ನಿಲ್ಲಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಬ ಅಂದ್ರೆ ಎಷ್ಟು ಬಸ್ಸು ಅಂತಲಾ ಟೀಚರ್?"