ನಾರ್ಸ್ ಕುದುರೆಗಳ ಚಿತ್ರ: ಗ್ನಾ ಮುಗಿದಳು, ಮೆರವಣಿಗೆ ಬಾಕಿ

ಉತ್ತರ ಯುರೋಪಿನ ಹಳೇ ನಾರ್ಸ್ ಪುರಾಣಗಳ ದೊಡ್ಡ ದೇವರು ಓಡಿನ್‌. ಅವನ ಎಂಟು ಕಾಲಿನ ಕುದುರೆ ಸ್ಲೈಪ್ನಿರ್‌ಗೆ ಶಾಯಿ ಹಾಕಿ ಮುಗಿಸಿದೆ. ಅಷ್ಟು ಕಾಲು ಎಲ್ಲಿ ಕೂರಿಸೋದು ಅನ್ನೋದೇ ತಲೆನೋವಾಗಿತ್ತು. ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದಲ್ಲಿ ಸಿಕ್ಕ ಹಳೇ ಚಿತ್ರಶಿಲೆಯೊಂದರಲ್ಲಿ ಎಂಟು ಕಾಲಿನ ಕುದುರೆಯಿದೆ. ಅದರ ಫೋಟೊ ಎದುರಿಗಿಟ್ಟುಕೊಂಡು ಮುಂದೆ ನಾಲ್ಕು, ಹಿಂದೆ ನಾಲ್ಕು ಬರೆದೆ.

ಈ ಸಲ ಖುಷಿ ಕೊಟ್ಟಿದ್ದು ಗ್ನಾ. ಓಡಿನ್‌ನ ಹೆಂಡತಿ ಫ್ರಿಗ್ ಹೇಳಿದ ಕೆಲಸಕ್ಕೆ ಲೋಕಲೋಕ ಓಡಾಡುವವಳು. ಅವಳ ಕುದುರೆ ಹೋವ್‌ವಾರ್ಪ್ನಿರ್ ಗಾಳಿಯ ಮೇಲೂ ಓಡುತ್ತದೆ, ಕಡಲ ಮೇಲೂ ಓಡುತ್ತದೆ. ಒಮ್ಮೆ ವಾನಿರ್ ದೇವತೆಗಳು ನೋಡಿ, ಅಲ್ಲಿ ಹಾರುತ್ತಿರುವುದೇನು ಎಂದು ಕೇಳುತ್ತಾರೆ. ಇವಳು, ನಾನು ಹಾರುತ್ತಿಲ್ಲ, ಹೋವ್‌ವಾರ್ಪ್ನಿರ್ ಮೇಲೆ ಹೋಗುತ್ತಿದ್ದೇನೆ ಅಂತಾಳೆ. ಜೊತೆಗೆ ಕುದುರೆಯ ಅಪ್ಪ ಹಾಮ್‌ಸ್ಕೆರ್ಪಿರ್, ಅಮ್ಮ ಗಾರ್ದ್‌ರೋವಾ ಅಂತ ವಂಶಾವಳಿ ಬೇರೆ! ತನ್ನ ಬಗ್ಗೆ ಒಂದು ಮಾತೂ ಇಲ್ಲ. ಹಾರುತ್ತಿಲ್ಲ ಅಂತ ಅವಳೇ ಹೇಳಿದ ಮೇಲೆ ರೆಕ್ಕೆ ಯಾಕೆ ಅಲ್ವಾ? ಮುಂಗಾಲಿನ ಒಂದು ಗೊರಸನ್ನು ಅಲೆಯ ತುದಿಗೆ ಒತ್ತಿ ಇಟ್ಟೆ, ಜೂಲನ್ನು ಹಿಂದಕ್ಕೆ ಚೆಲ್ಲಿದೆ. ಅವಳ ಮುಖ ಅರ್ಧ ಮಾತ್ರ ಕಾಣುತ್ತದೆ.

ಮೆರವಣಿಗೆಯ ದೊಡ್ಡ ಹಾಳೆ ಇನ್ನೂ ಪೆನ್ಸಿಲ್‌ನಲ್ಲೇ ಇದೆ. ದೇವರುಗಳು ದಿನಾ ಇಗ್‌ದ್ರಸಿಲ್ ಮರದಡಿ ನ್ಯಾಯ ಹೇಳಲು ಕುದುರೆ ಏರಿ ಬರುತ್ತಾರೆ. ಗ್ರಿಮ್ನಿಸ್ಮಾಲ್ ಎಂಬ ಹಳೇ ಪದ್ಯದಲ್ಲಿ ಆ ಕುದುರೆಗಳ 10 ಹೆಸರಿವೆ: ಗ್ಲಾದ್, ಗಿಲ್ಲಿರ್, ಸಿನಿರ್, ಲೆಟ್‌ಫೇಟಿ, ಹೀಗೆ. ಯಾವುದು ಯಾರದ್ದು ಅಂತ ಅಲ್ಲಿಲ್ಲ. ಆ ಹತ್ತರಲ್ಲಿ ಗುಲ್‌ಟೋಪ್ ಎಂಬುದು ಹೈಮ್‌ಡಾಲ್ ದೇವರದು ಅಂತ ಬೇರೆ ಕಡೆ ಸಿಗುತ್ತದೆ, ಅಷ್ಟೇ. ಹಾಗಾಗಿ ಸವಾರರನ್ನೇ ಬಿಟ್ಟೆ. ಬರೀ ಜೀನು ಹೊತ್ತ ಕುದುರೆಗಳು, ಮರದ ಬೇರಿಗೆ ಕಟ್ಟಿದ ಲಗಾಮು. ಸತ್ತುಹೋದ ದೇವರು ಬಾಲ್ಡರ್‌ನ ಕುದುರೆ ಅವನ ಚಿತೆಯಲ್ಲೇ ಬೆಂದಿತ್ತು, ಅದಕ್ಕೆ ಒಂದು ಜಾಗ ಖಾಲಿ.

ಓಡಿನ್‌ನ ಮಗ, ಗುಡುಗಿನ ದೇವರು ತೋರ್ ಮಾತ್ರ ನದಿಗಳನ್ನು ದಾಟಿ ನಡೆದೇ ಬರುತ್ತಾನೆ. ಮೂಲೆಯಲ್ಲಿ ಅವನು ಮೊಣಕಾಲುದ್ದ ನೀರಲ್ಲಿದ್ದಾನೆ. ಕುದುರೆ ಸಿಕ್ಕಿರಲಿಲ್ಲ ಅಂತಲ್ಲ. ರುಂಗ್‌ನಿರ್ ಎಂಬ ದೈತ್ಯನನ್ನು ಕೊಂದಾಗ ಆ ದೈತ್ಯನ ಕುದುರೆ ಗುಲ್‌ಫಾಕ್ಸಿ ಕೈಗೆ ಬಂದಿತ್ತು. ಅದನ್ನು ಮಗ ಮಾಗ್ನಿಗೆ ಕೊಟ್ಟುಬಿಟ್ಟ. ಹುಟ್ಟಿ ಮೂರು ರಾತ್ರಿಯಾದ ಕೂಸು! ಅಪ್ಪನಿಗೆ ಕೊಡೋದು ಬಿಟ್ಟು ಇವನಿಗೆ ಕೊಟ್ಟೆಯಲ್ಲ ಅಂತ ಓಡಿನ್ ಸಿಡುಕಿದ. ಮನೆಯಲ್ಲಿ ಎಂಟು ಕಾಲಿನದು ಇಟ್ಟುಕೊಂಡೂ ಈ ಆಸೆ.

ಮುಂದಿನದು ಸೂರ್ಯನ ರಥ ಎಳೆಯುವ ಆರ್ವಾಕ್, ಆಲ್‌ಸ್ವಿದ್. ಬಿಸಿ ತಾಗದಿರಲಿ ಅಂತ ದೇವರುಗಳು ಅವುಗಳ ಭುಜದಡಿ ಗಾಳಿ ಊದುವ ತಿದಿ ಇಟ್ಟಿದ್ದಾರಂತೆ. ತಿದಿಯ ಚರ್ಮದ ಮಡಿಕೆ ಮುಂಗಾಲಿನ ಓಟಕ್ಕೆ ಅಡ್ಡ ಬರದ ಹಾಗೆ ಬರೆಯಬೇಕು. ಸದ್ಯಕ್ಕೆ ಒಂದು ಕುಲುಮೆಯ ತಿದಿಯನ್ನು ಹತ್ತಿರದಿಂದ ನೋಡಿ ಸ್ಕೆಚ್ ಮಾಡಿಕೊಳ್ಳುವ ಯೋಚನೆ ಇದೆ.