ಮೀನಿನ ಹೊಂಡ ಉಳಿಯಿತು, ಟ್ರ್ಯಾಕ್ ಮೊಟ್ಟೆಯಾಯಿತು

1950ರ ಸೆಪ್ಟೆಂಬರ್ 4. ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಡಾರ್ಲಿಂಗ್‌ಟನ್ ಊರಲ್ಲಿ 75 ಕಾರುಗಳು ರೇಸಿಗೆ ಸಾಲಿಗೆ ಮೂರರಂತೆ ನಿಂತಿವೆ. ಒಂದು ಸುತ್ತಿಗೆ 1.25 ಮೈಲಿ, ಅಂಥವು 400. ರೇಸ್ ನಡೆಸುವ ಅಮೆರಿಕದ ಸಂಸ್ಥೆ ನ್ಯಾಸ್ಕಾರ್‌ನ ಆಗಿನ ಚಾಲಕರಲ್ಲಿ ಬಹುಪಾಲು ಜನ ಮಣ್ಣಿನ ಟ್ರ್ಯಾಕಿನಲ್ಲಿ ಪಳಗಿದವರು. ಡಾಂಬರಿನ ಮೇಲೆ 800 ಕಿ.ಮೀ. ಓಡಿಸಿದರೆ ಟಯರ್ ಏನಾಗುತ್ತದೆ ಎಂಬ ಅಂದಾಜು ಅವರಿಗಿರಲಿಲ್ಲ.

ಈ ಟ್ರ್ಯಾಕ್ ಕಟ್ಟಿಸಿದವರು ಹೆರಾಲ್ಡ್ ಬ್ರ್ಯಾಸಿಂಗ್‌ಟನ್. 1933ರಲ್ಲಿ ಇಂಡಿಯಾನಾಪೊಲಿಸ್ ರೇಸ್ ನೋಡಿ ಬಂದ ಮೇಲೆ ಅಂಥದ್ದೊಂದು ತಮ್ಮೂರಲ್ಲೂ ಇರಬೇಕು ಎಂಬ ಹಂಬಲ ಅವರನ್ನು ಬಿಟ್ಟಿರಲಿಲ್ಲ. 1949ರಲ್ಲಿ ಶೆರ್ಮನ್ ರ್‍ಯಾಮ್ಸಿ ಅವರಿಂದ 70 ಎಕರೆ ಹೊಲ ಕೊಂಡಾಗ ಮಾರಿದವರದ್ದು ಒಂದೇ ಷರತ್ತು: ಸಣ್ಣ ಮೀನು ಸಾಕುವ ಹೊಂಡವನ್ನು ಮುಟ್ಟಬಾರದು. ಹೊಂಡ ತಪ್ಪಿಸಲು ಟ್ರ್ಯಾಕಿನ ಒಂದು ತುದಿಯನ್ನು ಒತ್ತಿ ಬಗ್ಗಿಸಬೇಕಾಯಿತು. ಹಾಗಾಗಿ ಅದು ಮೊಟ್ಟೆಯಾಕಾರಕ್ಕೆ ಬಂತು.

ಆಕಾರದ ಪರಿಣಾಮ ತಿಳಿಯಬೇಕಾದರೆ ಮೆಕ್ಯಾನಿಕ್ ಜಾಗದಲ್ಲಿ ನಿಂತು ನೋಡಬೇಕು. ಕಾರು ಎಡಕ್ಕೆ ಮಾತ್ರ ತಿರುಗುತ್ತದೆ, ಭಾರವೆಲ್ಲ ಬಲಬದಿಯ ಚಕ್ರಗಳ ಮೇಲೆ ಬೀಳುತ್ತದೆ. ಈಗ ಅಗಲವಾದ ತುದಿಯ ತಿರುವುಗಳು 25 ಡಿಗ್ರಿ ವಾಲಿವೆ, ಬಿಗಿಯಾದ ತುದಿಯವು 23 ಡಿಗ್ರಿ. ಅಗಲದ ತುದಿಗೆ ಸ್ಪ್ರಿಂಗ್ ಹೊಂದಿಸಿದರೆ, ಬಿಗಿ ತುದಿಯಲ್ಲಿ ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗದೆ ಕಾರು ಟ್ರ್ಯಾಕಿನ ಹೊರಗೋಡೆಯತ್ತ ಸರಿಯುತ್ತದೆ. ಬಿಗಿ ತುದಿಗೆ ಹೊಂದಿಸಿದರೆ ಅಗಲದಲ್ಲಿ ಹಿಂಬದಿ ಜಾರುತ್ತದೆ. ಎರಡೂ ಕಡೆ ಸರಿಹೋಗುವ ಹೊಂದಿಕೆಯೇ ಇಲ್ಲ. ಎಲ್ಲಿ ಎಷ್ಟು ಬಿಟ್ಟುಕೊಡಬೇಕು ಎಂಬುದನ್ನು ಆಯ್ದುಕೊಳ್ಳಬೇಕು, ಅಷ್ಟೆ. ಗೋಡೆಗೆ ಉಜ್ಜಿ ಬಲಬದಿಯಲ್ಲಿ ಬಣ್ಣ ಕಿತ್ತುಹೋದ ಗುರುತಿಗೆ 'ಡಾರ್ಲಿಂಗ್‌ಟನ್ ಸ್ಟ್ರೈಪ್' ಎಂಬ ಹೆಸರೇ ಇದೆ.

ಮೊದಲ ಸ್ಥಾನದಿಂದ ಹೊರಟ ಕರ್ಟಿಸ್ ಟರ್ನರ್ ಅವರದ್ದು ಓಲ್ಡ್ಸ್‌ಮೊಬೈಲ್, ಅರ್ಹತಾ ವೇಗ ಗಂಟೆಗೆ 82 ಮೈಲಿ. ಓಲ್ಡ್ಸ್‌ಮೊಬೈಲ್, ಕ್ಯಾಡಿಲ್ಯಾಕ್‌ಗಳಲ್ಲಿ ಎಂಟು ಸಿಲಿಂಡರಿನ ವಿ8 ಎಂಜಿನ್, ದಂಡಿಯಾಗಿ ಶಕ್ತಿ, ಜೊತೆಗೆ ತೂಕವೂ ಜಾಸ್ತಿ. ತೂಕದ ಕಾರು ತಿರುವಿನಲ್ಲಿ ಬಲಗಡೆಯ ಟಯರನ್ನು ಅಮುಕಿ ಹಿಡಿಯುತ್ತದೆ. ಟಯರಿನ ಪಕ್ಕದ ಮೈ ಪ್ರತಿ ಸುತ್ತಿನಲ್ಲೂ ಬಾಗಿ ಬಾಗಿ ಬಿಸಿಯಾಗುತ್ತದೆ, ಕಾದ ರಬ್ಬರ್ ಪದರ ಬಿಡುತ್ತದೆ, ಆಮೇಲೆ ಸಿಡಿಯುತ್ತದೆ. ಆ ದಿನ ಆದದ್ದು ಅದೇ. ತಂದ ಟಯರ್‌ಗಳು ಮುಗಿದುಹೋದಾಗ ಕೆಲವು ತಂಡದವರು ಟ್ರ್ಯಾಕಿನ ಒಳಮೈದಾನದಲ್ಲಿ ನಿಂತಿದ್ದ ಪ್ರೇಕ್ಷಕರ ಕಾರುಗಳಿಂದಲೇ ಟಯರ್ ಬಿಚ್ಚಿ ತಂದರು.

ಜಾನಿ ಮ್ಯಾಂಟ್ಜ್ 43ನೆಯವರಾಗಿ ಹೊರಟಿದ್ದರು. ಅವರದ್ದು ಆರು ಸಿಲಿಂಡರಿನ, 97 ಅಶ್ವಶಕ್ತಿಯ ಹಗುರ ಪ್ಲಿಮತ್. ಆದರೆ ಮ್ಯಾಂಟ್ಜ್ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿ ರೇಸ್ ಓಡಿಸಿದವರು. ಟ್ರಕ್‌ಗೆ ಹಾಕುವಂಥ ಗಟ್ಟಿ ರಬ್ಬರಿನ ಟಯರ್ ಹಾಕಿಸಿದರು. ಗಟ್ಟಿ ರಬ್ಬರಿಗೆ ಹಿಡಿತ ಕಡಿಮೆ, ಒಂದೊಂದು ಸುತ್ತೂ ತುಸು ನಿಧಾನ. ಆದರೆ ಬೇಗ ಸವೆಯುವುದಿಲ್ಲ. ಬೇರೆಯವರು ಪಿಟ್‌ನಲ್ಲಿ, ಅಂದರೆ ಟಯರ್ ಬದಲಿಸಲು ಕಾರು ನಿಲ್ಲಿಸುವ ಜಾಗದಲ್ಲಿ, ಜಾಕ್ ಏರಿಸಿ ಇಳಿಸುತ್ತಿದ್ದ ಹೊತ್ತು ಅವರು ಒಂದೇ ಲಯದಲ್ಲಿ ಸುತ್ತುತ್ತಿದ್ದರು. ಆರೂವರೆ ಗಂಟೆಗೂ ಮೀರಿ ನಡೆದ ರೇಸನ್ನು ಅವರೇ ಗೆದ್ದರು. ಸರಾಸರಿ ವೇಗ ಗಂಟೆಗೆ 75 ಮೈಲಿ. ಎರಡನೆಯವರಾಗಿ ಬಂದ ಫೈರ್‌ಬಾಲ್ ರಾಬರ್ಟ್ಸ್ ಒಂಬತ್ತು ಸುತ್ತು ಹಿಂದಿದ್ದರು. ಹಗುರ ಕಾರಿನ ಅದೃಷ್ಟ ಎಂದು ಇದನ್ನು ತಳ್ಳಿಹಾಕುವುದು ತಪ್ಪು. ಆ 75 ಜನರಲ್ಲಿ ರೇಸಿನ ಉದ್ದವನ್ನು ಸರಿಯಾಗಿ ಅಳೆದವರು ಅವರೇ.

1953ರಲ್ಲಿ ಟ್ರ್ಯಾಕನ್ನು ಹಿಗ್ಗಿಸಿದರು. ಈಗಿನ ಉದ್ದ 1.366 ಮೈಲಿ. ಮೊಟ್ಟೆಯಾಕಾರ ಮಾತ್ರ ಹಾಗೇ ಉಳಿಯಿತು. 2008ರಲ್ಲಿ ಹೊಸ ಡಾಂಬರು ಬಿದ್ದಾಗ ಕೆಲ ಕಾಲ ವೇಗ ಏರಿತು. ಮೇಲಿನ ಡಾಂಬರು ಸವೆದು ಒಳಗಿನ ಜಲ್ಲಿ ಎದ್ದಂತೆಲ್ಲ ನೆಲ ಮತ್ತೆ ಉಪ್ಪುಕಾಗದದಂತೆ ಒರಟಾಯಿತು. ಇವತ್ತಿಗೂ ಅಲ್ಲಿ ಹೊಸ ಟಯರ್ ಹಾಕಿದ ಮೊದಲ ಕೆಲವೇ ಸುತ್ತು ಜೋರು, ಅಲ್ಲಿಂದಾಚೆಗೆ ರಬ್ಬರ್ ಉಳಿಸಿಕೊಳ್ಳುವವರದ್ದೇ ಆಟ.