ಸ್ಪೇಸ್ ಇಂಜಿನಿಯರ್ಸ್‌ನಲ್ಲಿ ನನ್ನ ಶಿಪ್ ನಿಲ್ಲಲಿಲ್ಲ

ಸ್ಪೇಸ್ ಇಂಜಿನಿಯರ್ಸ್ ಅಂದರೆ ಬ್ಲಾಕ್ ಜೋಡಿಸಿ ಬಾಹ್ಯಾಕಾಶದ ಶಿಪ್ ಕಟ್ಟುವ ಗೇಮ್. ಅದರಲ್ಲಿ ಕಳೆದ ವಾರ ನನ್ನ ಹೊಸ ಶಿಪ್ ಹೋಗಿ ಕ್ಷುದ್ರಗ್ರಹಕ್ಕೆ ಗುದ್ದಿತು. ಮೂರು ಸಂಜೆ ಕೂತು ಕಟ್ಟಿದ್ದು, ಸುಮಾರು 500 ಟನ್ ತೂಕ. ಹಿಂದೆ ಒಂದು ದೊಡ್ಡ ಅಯಾನ್ ಥ್ರಸ್ಟರ್ (ಕರೆಂಟಿನಿಂದ ಶಿಪ್ ತಳ್ಳುವ ಎಂಜಿನ್) ಇತ್ತು, ಮೂತಿಗೆ ಎರಡೇ ಎರಡು ಚಿಕ್ಕವು. ಕಲ್ಲು ಎರಡೂವರೆ ಕಿಲೋಮೀಟರ್ ದೂರ ಇರುವಾಗಲೇ ಕೀ ಬಿಟ್ಟೆ. ಕೀ ಬಿಟ್ಟ ಕೂಡಲೇ ಎದುರು ಥ್ರಸ್ಟರ್ ಉರಿಸಿ ಶಿಪ್ ನಿಲ್ಲಿಸುವ ಡ್ಯಾಂಪನರ್ ಆನ್ ಇತ್ತು, ಮೂತಿಯಲ್ಲಿ ನೀಲಿ ಬೆಂಕಿ ಉರಿಯುತ್ತಿತ್ತು, ವೇಗ ಸೆಕೆಂಡಿಗೆ 100 ಮೀಟರ್, 99, 98 ಅಂತ ಇಳಿಯುತ್ತಾ ಇತ್ತು, ಆದರೆ ಕಲ್ಲು ಬರುವಷ್ಟು ಬೇಗ ವೇಗ ಇಳಿಯುತ್ತಿರಲಿಲ್ಲ. ಗುದ್ದಿದಾಗ ಇನ್ನೂ 55ರ ಆಸುಪಾಸಿನಲ್ಲಿತ್ತು. ಮೂತಿ ಪೂರ್ತಿ ಹೋಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ದೊಡ್ಡ ಗ್ರಿಡ್‌ನಲ್ಲಿ (ಅಂದರೆ ದೊಡ್ಡ ಅಳತೆಯ ಬ್ಲಾಕ್‌ಗಳಿಂದ ಕಟ್ಟಿದ ಶಿಪ್‌ನಲ್ಲಿ) ದೊಡ್ಡ ಅಯಾನ್ ಕೊಡುವುದು 4,320 ಕಿಲೋ ನ್ಯೂಟನ್. ಚಿಕ್ಕದು 345.6. ಅಂದರೆ ನನ್ನ ಶಿಪ್ 12 ಸೆಕೆಂಡಿನೊಳಗೆ 100ಕ್ಕೆ ಏರುತ್ತದೆ, ನಿಲ್ಲುವುದಕ್ಕೆ 72 ಸೆಕೆಂಡ್ ಬೇಕು, ಅಷ್ಟರಲ್ಲಿ 3.6 ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಈ ಗೇಮ್‌ನಲ್ಲಿ ವೇಗದ ಮಿತಿಯೇ ಸೆಕೆಂಡಿಗೆ 100 ಮೀಟರ್. ಹಾಗಿರುವಾಗ ಹಿಂದೆ ಥ್ರಸ್ಟರ್ ಮೇಲೆ ಥ್ರಸ್ಟರ್ ಪೇರಿಸಿದರೆ ಅದೇ 100ಕ್ಕೆ ನಾಲ್ಕಾರು ಸೆಕೆಂಡ್ ಮೊದಲು ಮುಟ್ಟುತ್ತೀರಿ, ಅಷ್ಟೇ ಅಲ್ವಾ? ಅದಕ್ಕೇ ಈಗ ನಾನು ಮೊದಲು ಕೂರಿಸುವುದು ಬ್ರೇಕ್ ಥ್ರಸ್ಟರ್. ಉಳಿದ ಐದು ದಿಕ್ಕು ಆಮೇಲೆ.

ಎಲ್ಲಿ ಕೂರಿಸುವುದು? ಇಲ್ಲಿ ಗೇಮ್ ನಮಗೆ ದೊಡ್ಡ ಸ್ವಾತಂತ್ರ್ಯ ಕೊಡುತ್ತದೆ. ರಾಕೆಟ್ ಕಟ್ಟುವ ಇನ್ನೊಂದು ಗೇಮ್ ಕೆರ್ಬಲ್ ಸ್ಪೇಸ್ ಪ್ರೋಗ್ರಾಂನಲ್ಲಿ ಎಂಜಿನ್ ಸ್ವಲ್ಪ ಓರೆಗೆ ಕೂತರೂ ರಾಕೆಟ್ ಗಿರಗಿರ ತಿರುಗುತ್ತದೆ. ಸ್ಪೇಸ್ ಇಂಜಿನಿಯರ್ಸ್‌ನಲ್ಲಿ ಥ್ರಸ್ಟರ್ ಯಾವ ಮೂಲೆಯಲ್ಲಿದ್ದರೂ ತಳ್ಳುವ ಬಲ ಶಿಪ್ಪಿನ ತೂಕದ ಕೇಂದ್ರಕ್ಕೇ ಬೀಳುತ್ತದೆ. ಎಡಬಲ ಸಮ ಇರಬೇಕು ಅಂತೇನಿಲ್ಲ. ಬ್ರೇಕ್ ಮೂತಿಯಲ್ಲೇ ಇರಬೇಕು ಅಂತಲೂ ಇಲ್ಲ, ಹೊಟ್ಟೆಯ ಕೆಳಗೆ ಜಾಗ ಇದ್ದರೆ ಅಲ್ಲೇ ಇಡಿ. ನೋಡಿಕೊಳ್ಳಬೇಕಾದದ್ದು ಬೆಂಕಿ ಮಾತ್ರ. ಗೇಮಿನ ಸೆಟ್ಟಿಂಗ್‌ನಲ್ಲಿ ಥ್ರಸ್ಟರ್ ಡ್ಯಾಮೇಜ್ ಆನ್ ಇದ್ದರೆ ಆ ಜ್ವಾಲೆ ನಿಮ್ಮದೇ ಬ್ಲಾಕ್‌ಗಳನ್ನು ಸುಡುತ್ತದೆ. ಹಿಂದಿನ ಶಿಪ್‌ನಲ್ಲಿ ಒಂದು ಲ್ಯಾಂಡಿಂಗ್ ಗೇರ್ ಹೀಗೇ ಕಳೆದುಕೊಂಡೆ. ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಅದು ಸ್ವಲ್ಪ ಸ್ವಲ್ಪ ಸುಡುತ್ತಾ ಇತ್ತು, ನನಗೆ ಗೊತ್ತೇ ಆಗಲಿಲ್ಲ.

ದೊಡ್ಡದೊಂದಾ, ಚಿಕ್ಕವು ಹತ್ತಾ ಅಂತ ತುಂಬಾ ಜನ ಕೇಳುತ್ತಾರೆ. ದೊಡ್ಡ ಅಯಾನ್ 33.6 ಮೆಗಾವ್ಯಾಟ್ ಎಳೆಯುತ್ತದೆ, ಚಿಕ್ಕದು 3.36. ಹತ್ತು ಚಿಕ್ಕವು ಅಷ್ಟೇ ಕರೆಂಟ್ ತಿಂದು, ಹೆಚ್ಚುಕಡಿಮೆ ಅಷ್ಟೇ ತೂಗಿ, ಕೊಡುವುದು 3,456 ಕಿಲೋ ನ್ಯೂಟನ್. ಅದೇ ಕರೆಂಟಿಗೆ ದೊಡ್ಡದು ಶೇ. 25ರಷ್ಟು ಜಾಸ್ತಿ ತಳ್ಳುತ್ತದೆ. ಜಾಗದ ಲೆಕ್ಕದಲ್ಲಿ ಮಾತ್ರ ಎರಡೂ ಹತ್ತಿರ ಹತ್ತಿರ: ದೊಡ್ಡದಕ್ಕೆ 24 ಬ್ಲಾಕ್, ಚಿಕ್ಕದಕ್ಕೆ ತಲಾ 2, ಹತ್ತಕ್ಕೆ 20. ಹಾಗಾಗಿ ಮುಂದಕ್ಕೆ ಓಡಲು, ನಿಲ್ಲಲು ದೊಡ್ಡದು. ಅಡ್ಡಕ್ಕೆ ಸರಿಯಲು ಚಿಕ್ಕದು. ಸಂದಿಗೊಂದಿಯಲ್ಲಿ ತೂರಿಸಬಹುದು ಅನ್ನುವುದೇ ಚಿಕ್ಕದರ ದೊಡ್ಡ ಗುಣ.

ಗ್ರಹಕ್ಕೆ ಇಳಿಯುವವರ ಲೆಕ್ಕ ಬೇರೆ. ಭೂಮಿಯಂಥ ಗ್ರಹದಲ್ಲಿ 500 ಟನ್ ಶಿಪ್ ಸುಮ್ನೆ ಗಾಳಿಯಲ್ಲಿ ನಿಲ್ಲುವುದಕ್ಕೇ 4,905 ಕಿಲೋ ನ್ಯೂಟನ್ ಬೇಕು. ಅಯಾನ್ ಅಂತೂ ವಾತಾವರಣದಲ್ಲಿ ಸೊರಗಿಹೋಗುತ್ತದೆ. ಅಲ್ಲಿಗೆ ದೊಡ್ಡ ಹೈಡ್ರೋಜನ್ ಥ್ರಸ್ಟರ್ ಹಾಕಿ, ಒಂದೇ 7,200 ಕೊಡುತ್ತದೆ. ಆದರೆ ಅದಕ್ಕೆ ಟ್ಯಾಂಕಿನಿಂದ ಕನ್ವೇಯರ್ (ಇಂಧನ ಸಾಗಿಸುವ ಕೊಳವೆ) ಎಳೆಯಬೇಕು, ಅದಕ್ಕೇ ಮೊದಲು ಕನ್ವೇಯರ್ ದಾರಿ ಹಾಕಿಕೊಂಡು ಆಮೇಲೆ ಅದರ ಪಕ್ಕದಲ್ಲಿ ಥ್ರಸ್ಟರ್ ಕೂರಿಸುವುದು ವಾಸಿ. ತೂಕವನ್ನು ಕಾರ್ಗೋ ತುಂಬಿಸಿಯೇ ಲೆಕ್ಕ ಹಾಕಿ. ಖಾಲಿ ಶಿಪ್ ಎಲ್ಲರದ್ದೂ ಹಾರುತ್ತದೆ.

ನನ್ನ ಶಿಪ್‌ಗೆ ಈಗ ಹೊಸ ಮೂತಿ ಬಂದಿದೆ. ಹೊಟ್ಟೆಯ ಕೆಳಗೆ ಮುಂದಕ್ಕೆ ಮುಖ ಮಾಡಿ ಇನ್ನೊಂದು ದೊಡ್ಡ ಅಯಾನ್ ಕೂರಿಸಿದೆ. ಮೂತಿಯಲ್ಲಿದ್ದ ಎರಡು ಚಿಕ್ಕವನ್ನು ಕಿತ್ತು ಎಡಕ್ಕೊಂದು ಬಲಕ್ಕೊಂದು ಹಾಕಿದೆ. ಕರೆಂಟಿಗೆ ಮೂರು ಬ್ಯಾಟರಿ ಇದ್ದವು, ಒಂದೊಂದೂ 12 ಮೆಗಾವ್ಯಾಟ್. ನಾಲ್ಕನೆಯದು ಬೇಕಾಗಲಿಲ್ಲ, ಯಾಕಂದ್ರೆ ಓಡಿಸುವ ಥ್ರಸ್ಟರ್ ಮತ್ತು ನಿಲ್ಲಿಸುವ ಥ್ರಸ್ಟರ್ ಒಟ್ಟಿಗೆ ಉರಿಯುವುದೇ ಇಲ್ಲ. ನಿನ್ನೆ ರಾತ್ರಿ ಅದೇ ಕಲ್ಲಿನ ಕಡೆಗೆ 100ರಲ್ಲಿ ಬಿಟ್ಟುಕೊಂಡು ಹೋದೆ. ಒಂದು ಕಿಲೋಮೀಟರ್ ಉಳಿದಾಗ ಕೀ ಬಿಟ್ಟೆ. ಕಲ್ಲಿಗೆ ಇನ್ನೂ 370 ಮೀಟರ್ ಇರುವಾಗ ಶಿಪ್ ನಿಂತಿತು, ಹಳೇ ಮೂತಿಯ ಚೂರುಗಳು ಅಲ್ಲೇ ತೇಲುತ್ತಾ ಇದ್ದವು.